ಮಂಡಿ ಸರಿಯಾಯ್ತು, ಮತ್ತೆ ಐಸ್‌ಗೆ ಇಳಿಯಲಾ?

ಪ್ರಶ್ನೆ: ಮೇಡಂ, ನನಗೆ 48 ವರ್ಷ. ಊರು ಹಾಸನದ ಕಡೆ, 2006ರಿಂದ ಕೆನಡಾದ ಬ್ರಾಂಪ್ಟನ್‌ನಲ್ಲಿದ್ದೇವೆ. ಮಗಳನ್ನು ಸ್ಕೇಟಿಂಗ್ ಕ್ಲಾಸಿಗೆ ಸೇರಿಸಿ ಹೊರಗೆ ಕೂತು ಕಾಯುವುದು ಬೇಜಾರಾಗಿ ನಾನೂ ಕಲಿತೆ. ಅಲ್ಲಿಂದ ಐಸ್ ಹಾಕಿ ಹುಚ್ಚು ಹಿಡಿಯಿತು. ಎಂಟು ವರ್ಷ ಭಾನುವಾರ ರಾತ್ರಿಯ ಲೀಗಿನಲ್ಲಿ ಆಡಿದೆ. ಮೂರು ವರ್ಷದ ಹಿಂದೆ ರಿಂಕಿನ (ಐಸ್ ಮೈದಾನದ) ಅಂಚಿನ ಬೋರ್ಡಿಗೆ ಬಡಿದು ಬಲ ಭುಜದ ಕೀಲು ಜರುಗಿತು. ಆಪರೇಷನ್ ಇಲ್ಲದೆ ವಾಸಿಯಾಯಿತು. ಆಮೇಲೆ ಒಂದು ರಾತ್ರಿ ತಿರುಗುವಾಗ ಸ್ಕೇಟು ಐಸ್‌ಗೆ ಕಚ್ಚಿಕೊಂಡು ಎಡ ಮಂಡಿ ತಿರುಚಿತು, ಎಸಿಎಲ್ (ಮಂಡಿಯೊಳಗಿನ ಒಂದು ಲಿಗಮೆಂಟ್) ಹರಿಯಿತು. ಆಪರೇಷನ್ ಆಗಿ 14 ತಿಂಗಳಾಯಿತು. ತೊಡೆಯ ಹಿಂದಿನ ಸ್ನಾಯುರಜ್ಜು ತೆಗೆದು ಅದರ ಜಾಗಕ್ಕೆ ಕೂರಿಸಿದ್ದಾರೆ. ನೋವಿಲ್ಲ. ಸರ್ಜನ್ ‘ಆಡಬಹುದು’ ಎಂದಿದ್ದಾರೆ. ಬಿ.ಪಿ.ಗೆ ಒಂದು ಮಾತ್ರೆ ಇದೆ, ಶುಗರ್ ಬಾರ್ಡರ್‌ನಲ್ಲಿದೆ. ಜಿಮ್ಮಿಗೆ ಹೋಗಲ್ಲ, ಬೇಸ್‌ಮೆಂಟಿನಲ್ಲಿ ಸೈಕಲ್ ತುಳಿಯುತ್ತೇನೆ. ಎರಡು ತಿಂಗಳಿಗೆ, ಸೆಪ್ಟೆಂಬರ್‌ನಲ್ಲಿ, ಹೊಸ ಸೀಸನ್. ಫ್ರೆಂಡ್ಸ್ ಕರೆಯುತ್ತಿದ್ದಾರೆ, ಮನೆಯವರು ‘ಇನ್ನು ಸಾಕು ಮಾಡಿ’ ಅನ್ನುತ್ತಾರೆ. ನನ್ನ ಮಂಡಿ ತಡೆಯುತ್ತಾ? ಓಡಾಟ ಕಡಿಮೆ ಅಂತ ಗೋಲಿಯಾಗಿ (ಗೋಲ್‌ಕೀಪರ್ ಆಗಿ) ನಿಂತರೆ ಹೇಗೆ?

ಉತ್ತರ: ಮಂಡಿ ಬಹುಶಃ ತಡೆಯುತ್ತೆ. ನಿಮ್ಮ ಪತ್ರ ಓದಿ ನನಗೆ ಚಿಂತೆ ಹತ್ತಿದ್ದು ಮಂಡಿಯ ಸಾಲಿನಲ್ಲಲ್ಲ, ‘ಬೇಸ್‌ಮೆಂಟಿನಲ್ಲಿ ಸೈಕಲ್’ ಅನ್ನುವ ಸಾಲಿನಲ್ಲಿ. ಹರಿದ ಲಿಗಮೆಂಟನ್ನು ಸರ್ಜನ್ ಹೊಸದಾಗಿ ಕಟ್ಟಿಕೊಟ್ಟರು. ಆದರೆ ಅಷ್ಟು ದಿನ ಆಡದೆ ಕೂತಾಗ ಕರಗಿಹೋದ ತೊಡೆ, ಬಿಗಿದ ತೊಡೆಸಂದು, ಇಳಿದ ದಮ್ಮು ಇವೆಯಲ್ಲ, ಅವನ್ನು ಯಾರೂ ರಿಪೇರಿ ಮಾಡಿಕೊಟ್ಟಿಲ್ಲ. ಟೊರಾಂಟೋ ಸುತ್ತಮುತ್ತ ಫಿಸಿಯೋಥೆರಪಿ ಮಾಡಿಕೊಂಡು ಬಂದಿರುವ ನನ್ನ ಹತ್ತಿರ ಅಕ್ಟೋಬರ್‌ನಲ್ಲಿ ಬರುವ ನಡುವಯಸ್ಸಿನ ಹಾಕಿ ಆಟಗಾರರಲ್ಲಿ ಹಳೇ ಗಾಯ ಮರುಕಳಿಸಿದವರು ಕಡಿಮೆ. ಹಳೇ ಗಾಯವನ್ನು ಜೋಪಾನ ಮಾಡಲು ಹೋಗಿ ಹೊಸದೊಂದು ಮಾಡಿಕೊಂಡವರೇ ಜಾಸ್ತಿ.

ಆದರೂ ಮಂಡಿಯ ಮಾತು ಮೊದಲು ಮುಗಿಸೋಣ. ಎಸಿಎಲ್ ಆಪರೇಷನ್ ಆದವರು 9 ತಿಂಗಳಿಗಿಂತ ಮುಂಚೆ ಇಂಥ ಆಟಕ್ಕೆ ಇಳಿಯಬಾರದು ಅನ್ನುವುದು ಈಗ ಎಲ್ಲರೂ ಒಪ್ಪಿದ ಮಾತು. 2016ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಆಟಕ್ಕೆ ಮರಳುವುದನ್ನು 9 ತಿಂಗಳವರೆಗೆ ಒಂದೊಂದು ತಿಂಗಳು ಮುಂದೂಡಿದಂತೆ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಹೆಚ್ಚುಕಡಿಮೆ ಅರ್ಧರ್ಧ ಇಳಿಯುತ್ತಾ ಹೋಗಿತ್ತು. ನೀವು 14 ತಿಂಗಳು ಕಾದಿದ್ದೀರಿ, ಒಳ್ಳೆಯದೇ. ಆದರೆ ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತ್ತು. ತೊಡೆಯ ಮುಂಭಾಗದ ಸ್ನಾಯುವಿನ ಬಲ ಎರಡೂ ಕಾಲಿನಲ್ಲಿ ಸಮಸಮ ಇರಬೇಕು ಅಂತ. ಸಾಮಾನ್ಯವಾಗಿ ನಾವು ಕೇಳುವುದು, ಆಪರೇಷನ್ ಆದ ಕಾಲಿನಲ್ಲಿ ಇನ್ನೊಂದರ 90 ಶೇಕಡಾ ಬಲವಾದರೂ ಇರಲಿ ಅಂತ.

ಸರ್ಜನ್ ‘ಆಡಬಹುದು’ ಅಂದರೆ ಹಾಕಿದ ಗ್ರಾಫ್ಟ್ (ಕೂರಿಸಿದ ಸ್ನಾಯುರಜ್ಜು) ಭದ್ರವಾಗಿದೆ ಎಂದರ್ಥ. ಬಲ ಅಳೆದಿದ್ದಾರಾ? ನಿಮ್ಮದು ನನಗೆ ಗೊತ್ತಿಲ್ಲ. ಆದರೆ ಇಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ನಾಲ್ಕೈದು ತಿಂಗಳಿಗೆ ಕಂಪನಿಯ ಇನ್ಶೂರೆನ್ಸ್ ಮಿತಿ ಮುಗಿಯುತ್ತೆ, ಅದರ ಜೊತೆಗೇ ಫಿಸಿಯೋನೂ ಮುಗಿಯುತ್ತೆ. ನಡೆಯೋಕೆ, ಮೆಟ್ಟಿಲು ಹತ್ತೋಕೆ ತೊಂದರೆ ಇಲ್ಲ ಅಂದಮೇಲೆ ಕೈಯಿಂದ ದುಡ್ಡು ಹಾಕಿ ಯಾರು ಬರುತ್ತಾರೆ, ಅಲ್ವಾ?

ಇವತ್ತೇ ಮನೆಯಲ್ಲಿ ಒಂದು ಪರೀಕ್ಷೆ ಮಾಡಿ ನೋಡಿ. ಡೈನಿಂಗ್ ಟೇಬಲ್ಲಿನ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಕೈ ಎದೆ ಮೇಲೆ ಕಟ್ಟಿ, ಬಲಗಾಲೊಂದರಲ್ಲೇ ಎದ್ದು ಕೂತು ಎಣಿಸಿ. ಆಮೇಲೆ ಎಡಗಾಲಲ್ಲಿ. ಎಣಿಕೆಯಷ್ಟೇ ಅಲ್ಲ, ಕನ್ನಡಿ ಎದುರಿಟ್ಟುಕೊಂಡು ಮಂಡಿಯ ನಡತೆಯನ್ನೂ ನೋಡಿ. ಮೇಲೇಳುವಾಗ ಎಡ ಮಂಡಿ ಒಳಗಡೆ ವಾಲುತ್ತಿದ್ದರೆ, ಮೈ ಪಕ್ಕಕ್ಕೆ ಓಲಿ ಕಳ್ಳಾಟ ಆಡುತ್ತಿದ್ದರೆ, ಬಲ ಸಾಲದು ಎಂದರ್ಥ. ಇನ್ನೊಂದು ಕಿವಿಮಾತು. ನಿಮ್ಮ ‘ಒಳ್ಳೆಯ’ ಬಲಗಾಲೂ ಇಷ್ಟು ದಿನ ಆಡದೆ ಸೊರಗಿದೆ. ಸೊರಗಿದ ಕಾಲಿನ 90 ಶೇಕಡಾ ಅಂದರೆ ಅದೇನು ದೊಡ್ಡ ಮೊತ್ತವಲ್ಲ. ಜೊತೆಗೆ ನಿಮಗೆ ತೊಡೆಯ ಹಿಂಭಾಗದಿಂದ ಗ್ರಾಫ್ಟ್ ತೆಗೆದಿರುವುದರಿಂದ ಮಂಡಿ ಪೂರ್ತಿ ಮಡಿಸಿದಾಗ ಎಳೆಯುವ ಬಲ ಕಡಿಮೆಯಿರುವ ಸಾಧ್ಯತೆ ಇದೆ. ಸ್ಕೇಟಿಂಗ್ ಅಂದರೆ ಹೊತ್ತೆಲ್ಲ ಮಂಡಿ ಮಡಿಸಿಕೊಂಡೇ ಮಾಡುವ ಕೆಲಸ. ಹಾಗಾಗಿ ಒಂದು ಸಲ ದುಡ್ಡು ಹೋದರೂ ಪರವಾಗಿಲ್ಲ, ಬಲ ಅಳೆಯುವ ಸಾಧನ ಇರುವ ಕ್ಲಿನಿಕ್ಕಿಗೆ ಹೋಗಿ ಎರಡೂ ಕಾಲು ಅಳೆಸಿಕೊಳ್ಳಿ. ಒಂಟಿಕಾಲಿನಲ್ಲಿ ಮುಂದೆ, ಅಡ್ಡಡ್ಡ ಕುಪ್ಪಳಿಸುವ ಪರೀಕ್ಷೆಗಳನ್ನೂ ಅಲ್ಲೇ ಮಾಡಿಸುತ್ತಾರೆ. ಅದನ್ನು ಮನೆಯಲ್ಲಿ ಒಬ್ಬರೇ ಮಾಡಲು ಹೋಗಬೇಡಿ.

ಈಗ ತೊಡೆಸಂದು. ಇದನ್ನೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಏಕೆಂದರೆ ಇದರ ಬಗ್ಗೆ ನೀವು ಒಂದಕ್ಷರವನ್ನೂ ಕೇಳಿಲ್ಲ.

ನಡೆಯುವಾಗ, ಸೈಕಲ್ ತುಳಿಯುವಾಗ ಕಾಲು ಹೋಗುವುದು ಹಿಂದಕ್ಕೆ ಮುಂದಕ್ಕೆ. ಸ್ಕೇಟ್ ಮೇಲೆ ಹಾಗಲ್ಲ. ಬ್ಲೇಡನ್ನು ಓರೆ ಮಾಡಿ ಕಾಲನ್ನು ಪಕ್ಕಕ್ಕೆ, ಹೊರಕ್ಕೆ ಒದೆಯುತ್ತೀರಿ. ಒದ್ದ ಕಾಲು ಹಾಗೇ ಹೊರಗೆ ಹಾರಿಹೋಗದಂತೆ ಬ್ರೇಕ್ ಹಾಕಿ ಮತ್ತೆ ಮೈ ಕೆಳಗೆ ಎಳೆದು ತರುವುದು ತೊಡೆಯ ಒಳಭಾಗದ ಸ್ನಾಯುಗಳು. ಅಂದರೆ ಅವು ಹಿಗ್ಗುತ್ತಿರುವಾಗಲೇ ಬಿಗಿ ಹಿಡಿಯಬೇಕು. ಪ್ರತಿ ಒದೆತಕ್ಕೂ, ಒಂದು ಆಟದಲ್ಲಿ ನೂರಾರು ಸಲ. ಸೈಕಲ್ ತುಳಿದರೆ ಈ ಕೆಲಸದ ಅಭ್ಯಾಸ ಒಂದಿಷ್ಟೂ ಆಗುವುದಿಲ್ಲ. ಹೋದ ವರ್ಷ ಒಬ್ಬರು ಬಂದಿದ್ದರು, 51 ವರ್ಷ, ದಿನಾ 20 ಕಿಲೋಮೀಟರ್ ಸೈಕಲ್ ಹೊಡೆಯುವವರು, ತೊಡೆ ಒಳ್ಳೆ ಒನಕೆ ಹಾಗಿತ್ತು. ಸೀಸನ್ನಿನ ಎರಡನೇ ಆಟದಲ್ಲಿ ಪಕ್‌ಗಾಗಿ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಕಾಲು ಚಾಚಿದ್ದಾರೆ, ಬಟ್ಟೆ ಹರಿದ ಹಾಗೆ ಪರ್ ಅಂದಿದೆ. ಕಾರಿನಲ್ಲಿ ಕೂರಲು ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಡಬೇಕಾಯಿತಂತೆ. ಹತ್ತು ವಾರ ಹೋಯಿತು.

ಎನ್‌ಎಚ್‌ಎಲ್ (ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್) ಆಟಗಾರರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. ತೊಡೆಯನ್ನು ಒಳಕ್ಕೆಳೆಯುವ ಬಲ, ಹೊರಕ್ಕೆ ತಳ್ಳುವ ಬಲದ 80 ಶೇಕಡಾಕ್ಕಿಂತ ಕಡಿಮೆ ಇದ್ದ ಆಟಗಾರರಿಗೆ ತೊಡೆಸಂದು ಎಳೆತವಾಗುವ ಸಂಭವ 17 ಪಟ್ಟು ಹೆಚ್ಚಿತ್ತು. ಆಮೇಲೆ ಅಂಥವರನ್ನೇ ಹುಡುಕಿ ಸೀಸನ್ನಿಗೆ ಮುಂಚೆ ಆ ಸ್ನಾಯುವಿಗೆ ವ್ಯಾಯಾಮ ಮಾಡಿಸಿದಾಗ ಎಳೆತಗಳು ಗಣನೀಯವಾಗಿ ಇಳಿದವು. ನೋಡಿ, ದಿನಾ ಅದನ್ನೇ ಉಸಿರಾಡುವ ಹುಡುಗರ ಕಥೆ ಇದು. ಭಾನುವಾರಕ್ಕೊಮ್ಮೆ ಆಡುವ ನಮ್ಮದೇನು?

ನಿಮ್ಮದು ಎಲ್ಲಿದೆ ಅಂತ ನೋಡುವುದು ಸುಲಭ. ಅಂಗಾತ ಮಲಗಿ, ಮಂಡಿ ಮಡಿಸಿ, ಎರಡು ಮಂಡಿಗಳ ನಡುವೆ ಮಕ್ಕಳ ಫುಟ್‌ಬಾಲ್ ಇಟ್ಟುಕೊಂಡು ನಿಧಾನವಾಗಿ ಒತ್ತಿ. ಪೂರ್ತಿ ಬಲ ಹಾಕಿ ಐದು ಎಣಿಸುವವರೆಗೆ ಒತ್ತಿದರೂ ಚುಚ್ಚಬಾರದು. ಚುಚ್ಚಿದರೆ ಇನ್ನೂ ಐಸ್‌ನ ಮಾತೇ ಬೇಡ, ದಿನಾ ಇದನ್ನೇ ನೋವಾಗದಷ್ಟು ಬಲ ಹಾಕಿ ಮಾಡಿ. ಚುಚ್ಚಲಿಲ್ಲ ಅಂದರೆ ಮುಂದಿನದು ಕೋಪನ್‌ಹೇಗನ್ ಅನ್ನುವ ವ್ಯಾಯಾಮ. ಎಡ ಮಗ್ಗುಲಿಗೆ ಮಲಗಿ, ಮೊಣಕೈ ಊರಿ. ಮೇಲಿನ ಬಲಗಾಲನ್ನು ಸೋಫಾ ಮೇಲಿಡಿ, ಎಡಗಾಲು ಕೆಳಗಿರಲಿ. ಈಗ ಬಲಗಾಲಿನಿಂದ ಸೋಫಾವನ್ನು ಕೆಳಕ್ಕೆ ಒತ್ತಿ ಸೊಂಟ ಎತ್ತಿ, ಎಡಗಾಲನ್ನೂ ಮೇಲಕ್ಕೆ ತಂದು ಸೇರಿಸಿ, ಮೂರು ಎಣಿಸುತ್ತಾ ಇಳಿಸಿ. ಆಮೇಲೆ ಮಗ್ಗುಲು ಬದಲಿಸಿ. ಮೊದಲ ನಾಲ್ಕು ವಾರ ಸೋಫಾ ಮೇಲೆ ಪಾದ ಇಡಬೇಡಿ, ಮಂಡಿಯನ್ನೇ ಇಡಿ. ಪಾದ ಇಟ್ಟರೆ ಭಾರ ಉದ್ದಕ್ಕೆ ಬೀಳುತ್ತೆ, ಹೊಸದಾಗಿ ಕಟ್ಟಿದ ಎಡ ಮಂಡಿಯ ಮೇಲೂ ಎಳೆತ ಜಾಸ್ತಿ. ವಾರಕ್ಕೆ ಮೂರು ದಿನ, ಒಂದೊಂದು ಕಡೆಗೆ ಐದೈದರಿಂದ ಶುರು ಮಾಡಿ. ಮಾರನೇ ದಿನ ಇಂಡಿಯನ್ ಟಾಯ್ಲೆಟ್ಟಿನಲ್ಲಿ ಕೂತೆದ್ದವರ ಹಾಗೆ ನಡೆಯುತ್ತೀರಿ. ಹೆದರಬೇಡಿ, ಎರಡು ವಾರದಲ್ಲಿ ಹೋಗುತ್ತೆ. ನಾರ್ವೆಯ ಫುಟ್‌ಬಾಲ್ ಆಟಗಾರರಲ್ಲಿ ಈ ಒಂದೇ ವ್ಯಾಯಾಮದಿಂದ ತೊಡೆಸಂದಿನ ತೊಂದರೆಗಳ ಅಪಾಯ 41 ಶೇಕಡಾ ತಗ್ಗಿತ್ತು. ಖರ್ಚಿಲ್ಲದ ಔಷಧಿ ಇದಕ್ಕಿಂತ ಚೆನ್ನಾಗಿರೋದು ನನಗೆ ಬೇರೆ ಗೊತ್ತಿಲ್ಲ.

ಇನ್ನು ಹೃದಯ. ಬಿ.ಪಿ. ಮಾತ್ರೆ, ಬಾರ್ಡರ್ ಶುಗರ್ ಎರಡನ್ನೂ ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿಬಿಟ್ಟಿದ್ದೀರಿ.

ಹಾಕಿಯ ಒಂದು ಶಿಫ್ಟ್, ಅಂದರೆ ಒಂದು ಸಲ ಐಸ್‌ಗಿಳಿದು ಬೆಂಚಿಗೆ ಮರಳುವವರೆಗಿನ ಆಟ, ಬಸ್ ಹಿಡಿಯಲು ಓಡಿದ ಹಾಗೆ. ಓಡಿ, ಬಂದು ಬೆಂಚಿನ ಮೇಲೆ ಕೂತು, ಇನ್ನೂ ಏದುಸಿರು ನಿಲ್ಲುವ ಮುಂಚೆ ಮತ್ತೆ ಬಸ್ ಹಿಡಿಯಬೇಕು. ಮೈಮೇಲೆ ಪ್ಯಾಡುಗಳ ಭಾರ, ಒಳಗೆ ಬೆವರು, ಮೂಗಿಗೆ ತಣ್ಣನೆ ಗಾಳಿ. ಹವ್ಯಾಸಕ್ಕೆ ಆಡುವ 35 ದಾಟಿದ ನೂರಕ್ಕೂ ಹೆಚ್ಚು ಗಂಡಸರಿಗೆ ಯಂತ್ರ ಕಟ್ಟಿ ಆಡಿಸಿದ ಕೆನಡಾದ ಅಧ್ಯಯನ 2002ರಲ್ಲಿ ಬಂತು. ಅವರ ಎದೆಬಡಿತ ವಯಸ್ಸಿಗೆ ತಕ್ಕ ಗರಿಷ್ಠದ ಹತ್ತಿರ, ಕೆಲವರಲ್ಲಿ ಅದನ್ನೂ ದಾಟಿ ಹೋಗಿತ್ತು. 220ರಲ್ಲಿ ವಯಸ್ಸು ಕಳೆಯುವ ಹಳೇ ಲೆಕ್ಕದಲ್ಲಿ ನಿಮ್ಮ ಗರಿಷ್ಠ 172. ಬೇಸ್‌ಮೆಂಟಿನ ಸೈಕಲ್ ಮೇಲೆ ಎಷ್ಟಕ್ಕೆ ಹೋಗುತ್ತೆ? ಟಿ.ವಿ. ನೋಡುತ್ತಾ ತುಳಿದರೆ ಅದರ ಹತ್ತಿರಕ್ಕೂ ಬರುವುದಿಲ್ಲ.

ನಮ್ಮ ಜನಕ್ಕೆ ಇಲ್ಲಿ ಇನ್ನೊಂದು ತೊಡಕು. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಎಂಬಿಬಿಎಸ್ ಓದಿ ಹ್ಯಾಮಿಲ್ಟನ್‌ನ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯಕ್ಕೆ ಬಂದ ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ಹೃದಯಾಘಾತದ ದೊಡ್ಡ ಅಧ್ಯಯನ ನಡೆಯಿತು. ಅದರ ಲೆಕ್ಕದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ಸರಾಸರಿ ವಯಸ್ಸು 53. ಉಳಿದವರಿಗೆ 59. ನಿಮ್ಮ ಟೀಮಿನ ಬಿಳಿಯ ಗೆಳೆಯರು ‘ನಾವೆಲ್ಲ ಯಾವ ಟೆಸ್ಟೂ ಮಾಡಿಸಿಲ್ಲ’ ಅನ್ನಬಹುದು. ನೀವು ಮಾಡಿಸಿ. ಫ್ಯಾಮಿಲಿ ಡಾಕ್ಟರ್ ಹತ್ತಿರ ಹೋಗಿ ‘ನಾನು ಹಾಕಿ ಆಡಬೇಕು’ ಅಂತ ಅದೇ ಪದದಲ್ಲಿ ಹೇಳಿ. ಸುಮ್ನೆ ‘ಎಕ್ಸರ್‌ಸೈಜ್ ಶುರು ಮಾಡ್ತೀನಿ’ ಅಂದರೆ ವಾಕಿಂಗ್ ಅಂದುಕೊಳ್ಳುತ್ತಾರೆ. ಸ್ಟ್ರೆಸ್ ಟೆಸ್ಟ್ ಬೇಕಾ ಅಂತ ಕೇಳಿ. ನಿಮ್ಮ ಬಿ.ಪಿ. ಮಾತ್ರೆ ಯಾವ ಜಾತಿಯದು ಅಂತಲೂ ಕೇಳಿ. ಬೀಟಾ ಬ್ಲಾಕರ್ ಆಗಿದ್ದರೆ ಎದೆಬಡಿತ ಏರದಂತೆ ಅದೇ ತಡೆಯುತ್ತೆ, ಆಗ ಕೈಗಡಿಯಾರದ ಅಂಕಿ ನಂಬುವ ಹಾಗಿಲ್ಲ. ನೋವು ಬರುವ ಮುಂಚೆಯೇ ಐಬುಪ್ರೊಫೆನ್ ನುಂಗಿ ಆಡುವ ಅಭ್ಯಾಸ ಡ್ರೆಸಿಂಗ್ ರೂಮಿನಲ್ಲಿ ಬಹಳ. ಬಿ.ಪಿ. ಇರುವವರಿಗೆ ಅದು ಬೇಡ. ಬಿ.ಪಿ. ಏರಿಸುತ್ತೆ, ಕೆಲವು ಬಿ.ಪಿ. ಮಾತ್ರೆಗಳ ಜೊತೆ ಸೇರಿದರೆ ಕಿಡ್ನಿಗೂ ಭಾರ.

ಆಡುವಾಗ ಎದೆ ಹಿಡಿದ ಹಾಗಾದರೆ, ದವಡೆಗೋ ಎಡಗೈಗೋ ನೋವು ಹರಿದರೆ, ಬೆಂಚಿನಲ್ಲಿ ಕೂತರೂ ಉಸಿರು ಸುಧಾರಿಸದಿದ್ದರೆ, ಅಲ್ಲಿಗೆ ಆಟ ಮುಗಿಯಿತು. ನಮ್ಮವರಿಗೆ ಎದೆಯಲ್ಲಿ ಏನೇ ಆದರೂ ಮೊದಲು ‘ಗ್ಯಾಸ್ಟ್ರಿಕ್’. ಒಂದು ಈನೋ ಕುಡಿದು ಸೆಕೆಂಡ್ ಪೀರಿಯಡ್‌ಗೆ ಇಳಿಯುವವರನ್ನು ನಾನೇ ನೋಡಿದ್ದೇನೆ. 911ಕ್ಕೆ ಕರೆ ಮಾಡಿಸಿ, ಗ್ಯಾಸ್ಟ್ರಿಕ್ಕೋ ಅಲ್ಲವೋ ಅವರೇ ಹೇಳುತ್ತಾರೆ. ರಿಂಕಿಗೆ ಹೋದ ಮೊದಲ ದಿನವೇ ಎಇಡಿ, ಅಂದರೆ ನಿಂತ ಹೃದಯಕ್ಕೆ ಶಾಕ್ ಕೊಡುವ ಪೆಟ್ಟಿಗೆ, ಯಾವ ಗೋಡೆಯ ಮೇಲಿದೆ ನೋಡಿಕೊಳ್ಳಿ. ಬಳಸಿದರೆ ಕೇಸು ಗೀಸು ಆದೀತು ಅನ್ನುವ ಹೆದರಿಕೆ ಬೇಡ. ಒಳ್ಳೆಯ ಮನಸ್ಸಿನಿಂದ ಅದನ್ನು ಬಳಸಿದವರಿಗೆ ಒಂಟಾರಿಯೋದಲ್ಲಿ 2007ರಿಂದ ಕಾನೂನಿನ ರಕ್ಷಣೆ ಇದೆ. ಆ ಕಾನೂನಿಗೆ ಚೇಸ್ ಮೆಕೆಕರ್ನ್ ಅನ್ನುವ ಹುಡುಗನ ಹೆಸರಿಟ್ಟಿದ್ದಾರೆ. ಬ್ಯಾರಿ ಅನ್ನುವ ಊರಿನ ಹಾಕಿ ಆಟಗಾರ. ಹೃದಯದ ತೊಂದರೆಯಿದ್ದ ಆ ಹುಡುಗ ರಿಂಕು, ಶಾಲೆಗಳಲ್ಲಿ ಈ ಪೆಟ್ಟಿಗೆ ಇರಲಿ ಅಂತ ದನಿಯೆತ್ತಿದ್ದ. 2006ರಲ್ಲಿ ತೀರಿಕೊಂಡಾಗ ಅವನಿಗೆ 11 ವರ್ಷ.

ಭುಜದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೈ ತಲೆ ಮೇಲೆ ಪೂರ್ತಿ ಹೋಗುತ್ತೆ, ಗೋಡೆಗೆ, ಆಮೇಲೆ ನೆಲಕ್ಕೆ ಪುಶ್‌ಅಪ್ ಮಾಡಿದರೆ ನೋವಿಲ್ಲ ಅಂದರೆ ಸಾಕು. ಹಳೇ ಶೋಲ್ಡರ್ ಪ್ಯಾಡಿನ ಟೊಪ್ಪಿ ಆ ಕೀಲಿನ ಮೇಲೆ ಸರಿಯಾಗಿ ಕೂರುತ್ತಾ ನೋಡಿ. ಬೋರ್ಡಿಗೆ ಬಡಿಯುವುದು ಖಚಿತ ಅನ್ನಿಸಿದಾಗ ತಲೆ ತಗ್ಗಿಸಬೇಡಿ, ಕತ್ತಿಗೆ ಅದರಷ್ಟು ಅಪಾಯ ಬೇರೆ ಇಲ್ಲ. ಬೋರ್ಡಿನಿಂದ ಮೂರ್ನಾಲ್ಕು ಅಡಿ ದೂರ ನಿಂತು ಪಕ್‌ಗಾಗಿ ಗುದ್ದಾಡುವ ಬದಲು ಬೋರ್ಡಿಗೇ ಅಂಟಿಕೊಳ್ಳಿ. ಕತ್ತಿನ ಗಾರ್ಡ್ ತೊಡಿ. 2023ರ ಅಕ್ಟೋಬರ್ 28ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹಾಕಿ ಆಟಗಾರ ಆಡಂ ಜಾನ್ಸನ್ ಕತ್ತಿಗೆ ಸ್ಕೇಟಿನ ಬ್ಲೇಡ್ ತಾಗಿ ಪ್ರಾಣಬಿಟ್ಟ ಮೇಲೆ ಇದರಲ್ಲಿ ಚರ್ಚೆಗೆ ಏನೂ ಉಳಿದಿಲ್ಲ. ಮಂಡಿಗೆ ಬ್ರೇಸ್ ಬೇಕಾ? ಧೈರ್ಯ ಬರುತ್ತೆ ಅಂದರೆ ಹಾಕಿಕೊಳ್ಳಿ. ಸ್ನಾಯುವಿನ ಕೆಲಸ ಅದು ಮಾಡಲ್ಲ.

ಸ್ಕೇಟಿನ ಸಾಣೆ ಬಗ್ಗೆ ಮಾತ್ರ ಒಂದು ಮಾತು, ಯಾಕಂದರೆ ನಿಮ್ಮ ಮಂಡಿ ಹೋದದ್ದೇ ಬ್ಲೇಡ್ ಕಚ್ಚಿಕೊಂಡು. ಬ್ಲೇಡಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ಕಾಲುವೆ ಇರುತ್ತಲ್ಲ, ಅದರ ಎರಡು ಅಂಚುಗಳೇ ಐಸ್‌ಗೆ ಕಚ್ಚುವುದು. ಅಂಗಡಿಯವರು ಏನೂ ಕೇಳದೆ ಹಾಕಿಕೊಡುವುದು ಸಾಮಾನ್ಯವಾಗಿ ಅರ್ಧ ಇಂಚು. ಅದು ಕಾಲುವೆಯ ಆಳವಲ್ಲ, ಅದರ ದುಂಡಿನ ತ್ರಿಜ್ಯ. ಅಂಕಿ ದೊಡ್ಡದಾದಷ್ಟೂ ಕಾಲುವೆ ಆಳ ಕಡಿಮೆ, ಹಿಡಿತವೂ ಕಡಿಮೆ. ಬಹಳ ದಿನದ ಮೇಲೆ ಬಂದವರು ಜಾರುವ ಭಯಕ್ಕೆ ಚೂಪಾಗಿ, ಆಳವಾಗಿ ಹಾಕಿಸಿಕೊಳ್ಳುತ್ತಾರೆ. ಆಗ ಪಾದ ಐಸ್‌ನಲ್ಲಿ ನೆಟ್ಟ ಹಾಗೆ ನಿಲ್ಲುತ್ತೆ, ಮೇಲಿನ ಮೈ ತಿರುಗುತ್ತೆ, ನಡುವೆ ಸಿಕ್ಕಿಕೊಂಡದ್ದು ಮಂಡಿ. ನಿಮ್ಮಂಥವರಿಗೆ ನಾನು ಹೇಳುವುದು ಎಂಟರಲ್ಲಿ ಐದು ಇಂಚು. ಮೊದಲ ದಿನ ಸೋಪಿನ ಮೇಲೆ ನಿಂತ ಹಾಗಿರುತ್ತೆ. ಆದರೆ ಬ್ರೇಕ್ ಹಾಕುವಾಗ ಬ್ಲೇಡ್ ಕೆರೆದುಕೊಂಡು ಜಾರುತ್ತೆ, ಗಕ್ಕನೆ ಕಚ್ಚುವುದಿಲ್ಲ.

ಹಾಗಾದರೆ ಯಾವಾಗ? ಸೆಪ್ಟೆಂಬರ್ ಬಿಡಿ. ಈ ಎರಡು ತಿಂಗಳು ನೆಲದ ಮೇಲೆ ಕಳೆಯಿರಿ. ತೊಡೆಗೆ ಭಾರ ಹಾಕಿದ ಸ್ಕ್ವಾಟು, ಒಂಟಿಕಾಲಿನ ಮೆಟ್ಟಿಲು, ಮೇಲೆ ಹೇಳಿದ ಕೋಪನ್‌ಹೇಗನ್. ಡಾಕ್ಟರ್ ಒಪ್ಪಿದ ಮೇಲೆ ಅದೇ ಸೈಕಲ್ಲಿನಲ್ಲಿ 45 ಸೆಕೆಂಡ್ ಜೋರಾಗಿ, ಎರಡು ನಿಮಿಷ ನಿಧಾನವಾಗಿ. ಟಿ.ವಿ. ಆಫ್ ಮಾಡಿ. ಆಮೇಲೆ ಮಧ್ಯಾಹ್ನದ ಪಬ್ಲಿಕ್ ಸ್ಕೇಟು, ಸ್ಟಿಕ್ ಇಲ್ಲದೆ. ಎಡಕ್ಕೆ ಬಲಕ್ಕೆ ಎರಡೂ ಕಡೆ ನಿಲ್ಲುವುದು, ತಿರುಗುವುದು ಹೆದರಿಕೆ ಬಿಡುವವರೆಗೆ ಅದೇ. ಆಮೇಲೆ ಸ್ಟಿಕ್ ಆಂಡ್ ಪಕ್ (ಪಂದ್ಯವಿಲ್ಲದೆ ಸ್ಟಿಕ್, ಪಕ್ ಹಿಡಿದು ಅಭ್ಯಾಸ), ಅದು ಮುಗಿದ ಮೇಲೆ ಶಿನ್ನಿ (ಲೀಗಿನ ಹೊರಗಿನ ಗೆಳೆಯರಾಟ). ಲೀಗ್ ಕೊನೆಗೆ, ಬಹುಶಃ ಹೊಸ ವರ್ಷದ ಹೊತ್ತಿಗೆ. ಆಗ ಎಲ್ಲ ಟೀಮುಗಳೂ ಸ್ಪೇರ್ ಆಟಗಾರರಿಗಾಗಿ ಪರದಾಡುತ್ತಿರುತ್ತವೆ. ಹಾಗೆ ಎರಡು ವಾರಕ್ಕೊಂದು ಆಟ ಸಿಕ್ಕರೆ ನಿಮಗೆ ಅದೇ ಸರಿ.

ಮುಂದಿನ ಹಂತಕ್ಕೆ ಹೋಗಬಹುದಾ ಅಂತ ಮಂಡಿಯನ್ನೇ ಕೇಳಿ. ಸ್ಕೇಟ್ ಮಾಡಿದ ಮಾರನೇ ಬೆಳಿಗ್ಗೆ ಕಾಲು ಚಾಚಿ ಕೂತು, ಮಂಡಿಚಿಪ್ಪಿನ ಒಳಬದಿಯನ್ನು ಅಂಗೈಯಿಂದ ಕೆಳಗಿನಿಂದ ಮೇಲಕ್ಕೆ ಎರಡು ಮೂರು ಸಲ ಸವರಿ. ಆಮೇಲೆ ಹೊರಬದಿಯನ್ನು ಮೇಲಿನಿಂದ ಕೆಳಕ್ಕೆ ಒಂದು ಸಲ ಸವರಿ, ಕಣ್ಣು ಒಳಬದಿಯ ಗುಳಿಯ ಮೇಲಿರಲಿ. ಅಲ್ಲಿ ಅಲೆಯ ಹಾಗೆ ಏನಾದರೂ ಉಬ್ಬಿ ಬಂದರೆ ಒಳಗೆ ನೀರು ತುಂಬಿದೆ. ಆ ವಾರ ಹಿಂದಿನ ಹಂತಕ್ಕೆ ಇಳಿಯಿರಿ. ನೋವು ಸುಳ್ಳು ಹೇಳಬಹುದು, ನೀರು ಹೇಳಲ್ಲ.

ಲೀಗಿಗೆ ಬಂದಾಗ ವಿಂಗ್‌ನಲ್ಲಿ ಆಡಿ. ಸೆಂಟರ್‌ಗೆ ಓಟ ಜಾಸ್ತಿ, ಡಿಫೆನ್ಸ್‌ಗೆ ಹಿಮ್ಮುಖದಿಂದ ಮುಮ್ಮುಖಕ್ಕೆ ಗಕ್ಕನೆ ತಿರುಗುವ ಕೆಲಸ ಜಾಸ್ತಿ. ಶಿಫ್ಟ್ 45 ಸೆಕೆಂಡಿಗೆ ಮುಗಿಸಿ. ನಮ್ಮ ಲೀಗುಗಳಲ್ಲಿ ಎರಡು ನಿಮಿಷ ಐಸ್ ಬಿಡದೆ ನಿಲ್ಲುವವರೇ ಹೆಚ್ಚು, ಪೆಟ್ಟಾಗುವುದೂ ಆ ಎರಡನೇ ನಿಮಿಷದಲ್ಲೇ. ಅತಿ ಕೆಳಗಿನ ಡಿವಿಷನ್ ಅಂದರೆ ಅತಿ ಸುರಕ್ಷಿತ ಅಂದುಕೊಳ್ಳಬೇಡಿ. ಬಾಡಿ ಚೆಕ್ (ಮೈಯಿಂದ ಎದುರಾಳಿಗೆ ಗುದ್ದುವುದು) ಇಲ್ಲ ನಿಜ, ಆದರೆ ನಿಲ್ಲಿಸಲು ಬಾರದವರು ಅಲ್ಲೇ ಇರುವುದು, ಬಂದು ನಿಮ್ಮ ಮಂಡಿಗೇ ನಿಲ್ಲುತ್ತಾರೆ. ಸಾಧ್ಯವಾದರೆ 40 ದಾಟಿದವರ ಲೀಗ್ ಹುಡುಕಿ. ರಾತ್ರಿ ಹತ್ತೂವರೆಯ ಆಟಕ್ಕೆ ಕಾರಿನಿಂದ ಇಳಿದು ನೇರ ಸ್ಕೇಟ್ ಕಟ್ಟುವ ಬದಲು ಹತ್ತು ನಿಮಿಷ ಕಾರಿಡಾರಿನಲ್ಲಿ ಮೈ ಬಿಸಿ ಮಾಡಿ. ಊಟ ಏಳೂವರೆಗೆ, ಹಗುರವಾಗಿ. ಬಿಸಿಬೇಳೆ ಬಾತ್ ಸೋಮವಾರಕ್ಕೆ ಇಟ್ಟುಕೊಳ್ಳಿ.

ಮನೆಯವರು ‘ಸಾಕು’ ಅಂದದ್ದಕ್ಕೆ ಹಾಕಿ ದಿಗ್ಗಜ ಗೋರ್ಡಿ ಹೋವ್ ಕಥೆ ಹೇಳಿ ವಾದ ಮಾಡಬೇಡಿ. ಮಣಿಕಟ್ಟು ಹಾಳಾಗಿ 1971ರಲ್ಲಿ ಆಟ ಬಿಟ್ಟವರು, ಆಪರೇಷನ್ ಮಾಡಿಸಿಕೊಂಡು ಮರಳಿ, ಎನ್‌ಎಚ್‌ಎಲ್‌ನಲ್ಲಿ 52ನೇ ವಯಸ್ಸಿನವರೆಗೆ ಆಡಿದರು, ನಿಜ. ಅವರಿಗೆ ಅದೇ ನೌಕರಿ. ನಿಮ್ಮ ಮನೆಯವರು ನೋಡಿದ್ದು ನೀವು ಆಡಿದ್ದನ್ನಲ್ಲ, ಆರು ವಾರ ಊರುಗೋಲು ಹಿಡಿದು ಬಾತ್‌ರೂಮಿಗೆ ಹೋದದ್ದನ್ನು. ಬಲ ಅಳೆಸಲು ಕ್ಲಿನಿಕ್ಕಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಅಂಕಿಗಳು ಅವರ ಎದುರಿಗೇ ಬರಲಿ.

ಕೊನೆಗೆ ಗೋಲಿಯ ಮಾತು. ಬೇಡ. ಗೋಲಿ ಓಡುವುದಿಲ್ಲ, ಸರಿ. ಆದರೆ ಒಂದು ಆಟದಲ್ಲಿ ಎಷ್ಟೋ ಸಲ ಎರಡೂ ಮಂಡಿ ಐಸ್‌ಗೆ ಕುಟ್ಟಿ ಕೂರುತ್ತಾರೆ, ಪಾದಗಳು ಎರಡು ಕಡೆ ಹೊರಕ್ಕೆ ಚಾಚಿ, ತೊಡೆಗಳು ಒಳಕ್ಕೆ ತಿರುಚಿ. ಬಟರ್‌ಫ್ಲೈ ಅನ್ನುತ್ತಾರಲ್ಲ, ಅದೇ. ನಿಮ್ಮ ಮಂಡಿಗೂ ಸೊಂಟದ ಕೀಲಿಗೂ ಅದಕ್ಕಿಂತ ಕೆಟ್ಟ ಭಂಗಿ ಹುಡುಕಿದರೂ ಸಿಗಲ್ಲ. ಮೇಲಾಗಿ ಗೋಲಿ ಪ್ಯಾಡಿಗೆ ಹಾಕುವ ದುಡ್ಡಿನಲ್ಲಿ ಒಂದು ವರ್ಷದ ಫಿಸಿಯೋ ಆಗುತ್ತೆ.